ಎರಡು ವರ್ಷಕ್ಕೆ ಆಗುವ ಬಿಲ್ಲು

ತಿಪಟೂರು, ಭಾನುವಾರ

ಚಿ. ಸೌ. ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಗುರುವಾರ ಬಂತು. ಉಳಿದದ್ದೆಲ್ಲ ಒಂದೇ ಸಲ ಓದಿದೆ. ಒಂದು ಸಾಲನ್ನು ಮಾತ್ರ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. "ಕ್ಲಾಸಿನಲ್ಲಿ ಬೇರೆ ಮಕ್ಕಳು ಆಗಲೇ 20 ಪೌಂಡಿನ ಬಿಲ್ಲು ಎಳೆಯುತ್ತಾರೆ, ಪುಟ್ಟಿ ಹಿಂದೆ ಬಿದ್ದುಬಿಡ್ತಾಳೇನೋ ಅಂತ ಭಯ. 20ರದ್ದೇ ತಗೊಂಡರೆ ಎರಡು ವರ್ಷಕ್ಕೆ ಆಗುತ್ತೆ" ಅಂತ ಬರೆದಿದ್ದೀಯಲ್ಲ, ಅದು.

ಬೆಳೆಯುವ ಮಕ್ಕಳಿಗೆ ಒಂದು ಸೈಜ್ ದೊಡ್ಡದು ತರುವುದು ನಮ್ಮ ಮನೆಯ ರೂಢಿ. ನಿನ್ನ ಸ್ಕೂಲ್ ಲಂಗಗಳನ್ನು ನೆನಪಿಸಿಕೋ. ಲಂಗವಾದರೆ ಪಿನ್ ಹಾಕಿ ಬಿಗಿ ಮಾಡಬಹುದು. ಬಿಲ್ಲಿಗೆ ಪಿನ್ ಎಲ್ಲಿ ಹಾಕುತ್ತೀ?

ನಾವು ಜಮ್‌ಶೆಡ್‌ಪುರದಲ್ಲಿದ್ದ ವರ್ಷಗಳ ಕಥೆ ನಿಮಗೆಲ್ಲ ಬಾಯಿಪಾಠ. ಅದನ್ನು ಮತ್ತೆ ಹೇಳುವುದಿಲ್ಲ. ಹೇಳದೆ ಉಳಿಸಿಕೊಂಡದ್ದು ಒಂದಿದೆ. 1996ರಲ್ಲಿ ಅಲ್ಲಿ ಟಾಟಾ ಆರ್ಚರಿ ಅಕಾಡೆಮಿ ಶುರುವಾಯಿತು. ಆ ಊರು ಆಗಿನ್ನೂ ಬಿಹಾರದಲ್ಲಿತ್ತು. ನಮ್ಮ ಕ್ವಾರ್ಟರ್ಸಿನ ಅಪ್ಪಂದಿರಿಗೆಲ್ಲ ಬಿಲ್ಲಿನ ಹುಚ್ಚು ಹಿಡಿಯಿತು. ಹುಡುಗರಿಗಲ್ಲ, ಅಪ್ಪಂದಿರಿಗೆ. ಪಕ್ಕದ ಮನೆಯ ಹುಡುಗ ಆಗಲೇ ಮೂವತ್ತು ಮೀಟರಿಗೆ ಬಾಣ ಬಿಡುತ್ತಿದ್ದ. ನಿನ್ನಣ್ಣನಿಗೆ ಒಂಬತ್ತು ವರ್ಷ. ಹಿಂದೆ ಬಿದ್ದುಬಿಡುತ್ತಾನೆ ಅಂತ ನನಗೂ ಅನ್ನಿಸಿತು ನೋಡು. ನೀನು ಬರೆದ ಅದೇ ಮಾತು.

ಹದಿನಾಲ್ಕು ವರ್ಷದ ಒಬ್ಬ ಹುಡುಗ ಬಿಟ್ಟುಕೊಟ್ಟ ಬಿದಿರಿನ ಬಿಲ್ಲು ಅಗ್ಗಕ್ಕೆ ಸಿಕ್ಕಿತು. ತಂದೆ. ಎಷ್ಟು ಪೌಂಡ್, ಅಂದರೆ ಅದನ್ನು ಎಳೆಯಲು ಎಷ್ಟು ಬಲ ಬೇಕು ಅಂತ ಕೇಳಲೇ ಇಲ್ಲ. ಹೇಗೂ ಬೆಳೆಯುತ್ತಾನೆ, ಅಲ್ವಾ?

ಎಳೆಯುತ್ತಿದ್ದ, ಸುಳ್ಳು ಹೇಳಬಾರದು. ಸೊಂಟ ಮುಂದೆ ತಳ್ಳಿ, ಬೆನ್ನು ಹಿಂದೆ ಬಾಗಿಸಿ, ಬಾವಿಯಿಂದ ದೊಡ್ಡ ಕೊಡ ಎತ್ತುವವರ ಹಾಗೆ. ಹೆದೆ ಗದ್ದದ ಹತ್ತಿರ ಬರುವ ಹೊತ್ತಿಗೆ ತೋಳು ನಡುಗುತ್ತಿತ್ತು. "ಅಪ್ಪ, ಭುಜ ನೋಯುತ್ತೆ" ಅಂದ. "ರೂಢಿ ಆಗುತ್ತೆ" ಅಂದೆ. ಜಾತ್ರೆ ನಾಟಕದಲ್ಲಿ ಶಿವಧನುಸ್ಸಿನ ಅಡಿ ಸಿಕ್ಕಿಕೊಂಡು ರಾವಣ ಒದ್ದಾಡುವಾಗ ನಾವೆಲ್ಲ ಎಷ್ಟು ನಗುತ್ತಿದ್ದೆವು! ಮಗ ಅದೇ ಪಾಡು ಪಡುವಾಗ ಗದರಿಸಿದೆ.

ಸ್ವಲ್ಪ ದಿನದ ಮೇಲೆ ಹೆದೆ ಗದ್ದಕ್ಕೆ ಬರುವ ಮೊದಲೇ ಬಾಣ ಬಿಟ್ಟುಬಿಡಲು ಶುರು ಮಾಡಿದ. ಉದಾಸೀನ ಅಂದುಕೊಂಡೆ. ತುಂಬಾ ವರ್ಷಗಳಾದ ಮೇಲೆ ಒಬ್ಬ ಕೋಚ್ ಬಾಯಲ್ಲಿ ಕೇಳಿದೆ, ಭಾರ ತಡೆಯಲಾರದ ಕೈ ಹಾಗೆ ಬೇಗ ಬಿಡುವುದನ್ನೇ ಕಲಿತುಬಿಡುತ್ತದಂತೆ, ಆಮೇಲೆ ಹಗುರ ಬಿಲ್ಲು ಕೊಟ್ಟರೂ ಆ ಚಾಳಿ ಸುಲಭಕ್ಕೆ ಬಿಡುವುದಿಲ್ಲವಂತೆ. ಆಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಹೊಟ್ಟೆನೋವು. ಕೊನೆಗೆ ನಿಂತುಹೋಯಿತು. ಓದಿಗೆ ತೊಂದರೆ ಆಗುತ್ತೆ ಅಂತ ನಾನೇ ಬಿಡಿಸಿದೆ ಎಂದು ನಿಮಗೆಲ್ಲ ಹೇಳಿದ್ದೆ. ನಿನ್ನಪ್ಪನಿಗೂ ಅದನ್ನೇ ಹೇಳಿದ್ದು. ಯಾವ ಓದಿಗೂ ತೊಂದರೆ ಆಗಿರಲಿಲ್ಲ.

ಯಾರಿಂದ ಹಿಂದೆ ಬೀಳುತ್ತಾನೆ ಅಂತ ಅಷ್ಟು ಹೆದರಿದ್ದೆನೋ, ಆ ಪಕ್ಕದ ಮನೆ ಹುಡುಗನ ಮುಖ ಕೂಡ ಈಗ ನೆನಪಿಗೆ ಬರುವುದಿಲ್ಲ.

ಆ ದಿನಗಳಲ್ಲಿ ಅವನ ಮುಂದೆ ಲಿಂಬಾ ರಾಮ್ ಹೆಸರು ಜಾಸ್ತಿ ಎತ್ತುತ್ತಿದ್ದೆ. ರಾಜಸ್ಥಾನದ ಹಳ್ಳಿಯಲ್ಲಿ ಬಿದಿರಿನ ಬಿಲ್ಲು ಹಿಡಿದು ಬೆಳೆದವರು, ಸಿಯೋಲ್, ಬಾರ್ಸಿಲೋನಾ, ಅಟ್ಲಾಂಟಾ ಮೂರೂ ಒಲಿಂಪಿಕ್ಸಿಗೆ ಹೋದವರು, ನಿನಗೇನು ಕಷ್ಟ ಅಂತ. ಈಗ ಯೋಚಿಸಿದರೆ ನಾಚಿಕೆ ಆಗುತ್ತದೆ. ಹಳ್ಳಿಯಲ್ಲಿ ಮಕ್ಕಳಿಗೆ ಬಿದಿರಿನ ಬಿಲ್ಲು ಮಾಡುವವರು ಒಳಮೈಯನ್ನು ಹೆರೆದು ಹೆರೆದು, ಎಳೆದು ನೋಡಿ, ಮತ್ತೆ ಹೆರೆದು, ಆ ಕೈಗೆ ಬಗ್ಗುವಷ್ಟು ತೆಳ್ಳಗೆ ಮಾಡುತ್ತಾರೆ. ನಾನು ಒಂದು ಎಳೆ ಕೂಡ ಹೆರೆಯಲಿಲ್ಲ.

ಸರಿ, ನೀನು ಕೇಳಿದ್ದು ಯಾವ ಬಿಲ್ಲು ತರಲಿ ಅಂತ. ನಾನೇನು ತಿಳಿದವನಲ್ಲ, ಕೋಚ್ ಹೇಳಿದ್ದಕ್ಕೆ ನನ್ನ ಮಾತು ಅಡ್ಡ ಬಂದರೆ ನನ್ನದನ್ನು ಬಿಡು. ಎಂಟು ವರ್ಷದ ಮಗುವಿಗೆ 10, ಜಾಸ್ತಿ ಅಂದರೆ 14 ಪೌಂಡ್ ಸಾಕು. ಉದ್ದ 48 ಇಂಚಿನ ಆಸುಪಾಸು. ನಡುವಿನ ಹಿಡಿ ಮರದ್ದು, ಮೇಲಿನ ಕೆಳಗಿನ ರೆಕ್ಕೆಗಳು ಬೋಲ್ಟ್ ಬಿಚ್ಚಿ ತೆಗೆಯುವಂಥವು, ಹಾಗಿನ ಬಿಲ್ಲು ಸಿಗುತ್ತದೆ. ಅವಳು ಗಟ್ಟಿಯಾದ ಮೇಲೆ ರೆಕ್ಕೆ ಮಾತ್ರ ಬದಲಿಸು. ನಿನ್ನ ಎರಡು ವರ್ಷದ ಲೆಕ್ಕಕ್ಕೂ ಅದೇ ಸರಿ ಬರುತ್ತದೆ.

ಅಂಗಡಿಯಲ್ಲೇ ಎಳೆಸಿ ನೋಡು. ಹೆದೆ ಗದ್ದಕ್ಕೆ ತಾಗಿಸಿಕೊಂಡು ಹತ್ತು ಎಣಿಸಲಿ. ನಡುಗಿದರೆ, ಬೆನ್ನು ಹಿಂದಕ್ಕೆ ಬಾಗಿದರೆ, ಅಂಗಡಿಯವನು ಏನೇ ಹೇಳಲಿ, ವಾಪಸ್ ಕೊಡು. ಬಾಣ ಇಲ್ಲದೆ ಬರೀ ಹೆದೆ ಎಳೆದು ಬಿಡಲು ಮಾತ್ರ ಕೊಡಬೇಡ. ರೆಕ್ಕೆ ಸೀಳುತ್ತದೆ. ಎಳೆದದ್ದನ್ನು ಮೆಲ್ಲಗೆ ವಾಪಸ್ ಇಳಿಸಬೇಕು.

ಬಿಲ್ಲಿನ ಮೇಲೆ ಬರೆದ ಪೌಂಡ್ ಸಾಮಾನ್ಯವಾಗಿ 28 ಇಂಚು ಎಳೆದಾಗಿನದು. ಪುಟ್ಟಿಯ ಕೈ ಅಷ್ಟು ದೂರ ಎಳೆಯುವುದಿಲ್ಲ, ಅವಳ ಕೈಗೆ ಸಿಗುವ ಭಾರ ಕಡಿಮೆಯೇ. ಹಾಗಂತ 20ರದ್ದು ತಂದರೂ ನಡೆಯುತ್ತೆ ಅಂದುಕೊಳ್ಳಬೇಡ. ಈ ಮಾತು ಕೇಳಿದ ತಕ್ಷಣ ನೀನು ಹಾಗೇ ಅಂದುಕೊಳ್ಳುತ್ತೀ, ನಿನ್ನ ಬುದ್ಧಿ ನನಗೆ ಗೊತ್ತು. ಆ ಬೇರೆ ಮಕ್ಕಳ 20 ಕೂಡ ಅದೇ ಲೆಕ್ಕದ್ದು. ಅವರನ್ನು ಅವರ ಪಾಡಿಗೆ ಬಿಡು.

ಬಾಣ ಮಾತ್ರ ಸ್ವಲ್ಪ ಉದ್ದದ್ದೇ ತಗೋ. ಅಲ್ಲಿ ನಿನ್ನ ದೊಡ್ಡ ಸೈಜಿನ ಬುದ್ಧಿ ಉಪಯೋಗಕ್ಕೆ ಬರುತ್ತದೆ. ಅವಳು ಎಳೆಯುವ ಉದ್ದಕ್ಕಿಂತ ಎರಡು ಮೂರು ಇಂಚು ಜಾಸ್ತಿ ಇರಲಿ. ಗಿಡ್ಡ ಬಾಣ ಜಾಸ್ತಿ ಎಳೆದಾಗ ಹಿಡಿಯಿಂದ ಜಾರಿ ಕೈಗೇ ಚುಚ್ಚುತ್ತದೆ. ತೋಳಿಗೆ ಚರ್ಮದ ಪಟ್ಟಿ, ಹೆದೆ ಎಳೆಯುವ ಬೆರಳು ಉಜ್ಜದ ಹಾಗೆ ಟ್ಯಾಬ್ ಅನ್ನುವ ತುಂಡು ಇದ್ದೇ ಇರುತ್ತೆ, ಅದನ್ನು ನಾನು ಹೇಳಬೇಕಾಗಿಲ್ಲ.

ಮೊನ್ನೆ ಅಟ್ಟದಿಂದ ಆ ಬಿಲ್ಲು ಇಳಿಸಿದೆ. ಹೆದೆ ಯಾವತ್ತೋ ಹೋಗಿತ್ತು, ನೈಲಾನ್ ದಾರ ಕಟ್ಟಿ ಎಳೆದು ನೋಡಿದೆ. ಹಳೇ ಬಿದಿರು, ಮುರಿದು ಮುಖಕ್ಕೆ ಹೊಡೆದೀತು ಅಂತ ನಿನ್ನ ದೊಡ್ಡಮ್ಮ ಬೈದಳು. ಅವಳ ಮಾತು ಸರಿಯೇ. ಗದ್ದದವರೆಗೆ ನನಗೇ ಬರಲಿಲ್ಲ. ವಯಸ್ಸಾಗಿದೆ, ನಿಜ. ಆದರೂ ಅಂಗಳದಲ್ಲಿ ಸುಮ್ನೆ ಅದನ್ನು ಹಿಡಿದು ಸ್ವಲ್ಪ ಹೊತ್ತು ನಿಂತಿದ್ದೆ. ನಿನ್ನಣ್ಣನಿಗೆ ಫೋನ್ ಮಾಡೋಣ ಅಂದುಕೊಂಡೆ. ಮಾಡಲಿಲ್ಲ.

ಒಂದು ಕೆಲಸ ಮಾಡು. ಪುಟ್ಟಿ ಎರಡೂ ಕೈ ಅಗಲಿಸಿ ನಿಲ್ಲಲಿ, ಬೆರಳ ತುದಿಯಿಂದ ಬೆರಳ ತುದಿಗೆ ಟೇಪ್ ಹಿಡಿದು, ಬಂದದ್ದನ್ನು ಎರಡೂವರೆಯಿಂದ ಭಾಗಿಸು. ಅವಳು ಎಳೆಯುವ ಉದ್ದ ಹೆಚ್ಚುಕಡಿಮೆ ಅಷ್ಟೇ. ಆಮೇಲೆ ಎರಡೂ ಅಂಗೈ ಮುಂದೆ ಚಾಚಿ ಸೇರಿಸಿ, ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ಅದರಲ್ಲಿ ಗೋಡೆ ಗಡಿಯಾರ ನೋಡಲಿ. ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣು ತೆರೆದಾಗ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೋ ಅದು ಅವಳ ಗುರಿಯ ಕಣ್ಣು. ಎಡಗಣ್ಣಾದರೆ ಎಡಗೈಯಿಂದ ಹೆದೆ ಎಳೆಯುವ ಬಿಲ್ಲು ಬೇಕಾಗುತ್ತದೆ, ಅದನ್ನು ಕೇಳಿಯೇ ತರಬೇಕು. ನಿಮ್ಮತ್ತೆ ಎಡಗೈ ಅಂತ ಗೊಣಗಿದರೆ ಗೊಣಗಲಿ.

ಎರಡೂ ಲೆಕ್ಕ ನನಗೆ ಬರಿ. ಅಲ್ಲಿಯವರೆಗೆ ದುಡ್ಡು ಕೊಡಬೇಡ.

ನಿನ್ನ ದೊಡ್ಡಪ್ಪ