ಹಾಡಿಯ ಮಕ್ಕಳಿಗೆ ಸೀಟು ಸಿಕ್ಕರೆ ಸಾಕಾ? ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ ನಮಸ್ಕಾರ.

ಕೊಡಗಿನ ಗೋಣಿಕೊಪ್ಪದಲ್ಲಿ ನನ್ನದೊಂದು ಸಣ್ಣ ಸೈಬರ್ ಸೆಂಟರ್ ಇದೆ. ಎಂಜಿನಿಯರಿಂಗ್ ಸೀಟಿನ ಸಿಇಟಿ ಫಲಿತಾಂಶ ಬಂತು ಅಂದ್ರೆ ಆಪ್ಷನ್ ಎಂಟ್ರಿ, ಅಂದ್ರೆ ಯಾವ ಕಾಲೇಜು, ಯಾವ ಕೋರ್ಸ್ ಬೇಕು ಅಂತ ಆನ್‌ಲೈನಲ್ಲಿ ತುಂಬುವುದು, ಮಾಡಿಸೋಕೆ ಮಕ್ಕಳ ಸಾಲು. ಹೊರಗೆ ಮಳೆ, ಕರೆಂಟ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ತೋಟದ ಮಾಲೀಕರ ಮಕ್ಕಳು, ಮೇಷ್ಟ್ರ ಮಕ್ಕಳು, ಅಂಗಡಿಯವರ ಮಕ್ಕಳು ಬರುತ್ತಾರೆ. ತೋಟದ ಕೂಲಿಗಳ ಲೈನ್ ಮನೆಯಿಂದ, ಬುಡಕಟ್ಟು ಜನರ ಹಾಡಿಯಿಂದ ಬರುವವರು ತೀರಾ ಅಪರೂಪ.

ಕಾಗದದ ಮೇಲೆ ಏನೂ ಕಮ್ಮಿ ಇಲ್ಲ. 2022ರಲ್ಲಿ ಪರಿಶಿಷ್ಟ ಪಂಗಡದ ಮೀಸಲಾತಿ ಶೇ 3ರಿಂದ 7ಕ್ಕೆ ಏರಿತು. ಗ್ರಾಮೀಣ ಕೋಟಾ ಇದೆ, ಕನ್ನಡ ಮಾಧ್ಯಮದ ಕೋಟಾ ಇದೆ. ಆಯ್ಕೆಯಾದ ಹುಡುಗಿಯರಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ, ವರ್ಷಕ್ಕೆ 50,000 ರೂಪಾಯಿ. ಆದರೆ ಆ ಶೇ 7ರೊಳಗೆ ನಮ್ಮ ಯರವರ, ಜೇನುಕುರುಬರ ಮಕ್ಕಳು ಇಡೀ ರಾಜ್ಯದ ದೊಡ್ಡ ಸಮುದಾಯಗಳ ಜೊತೆ ರ್‍ಯಾಂಕಿಗೆ ಗುದ್ದಾಡಬೇಕು. ಜೇನುಕುರುಬರು ವಿಶೇಷವಾಗಿ ದುರ್ಬಲರಾದ ಬುಡಕಟ್ಟು ಅಂತ ಕೇಂದ್ರ ಸರ್ಕಾರವೇ ಗುರುತಿಸಿದೆ. ಸೀಟು ಹಂಚುವಾಗ ಅದು ಯಾರಿಗೂ ನೆನಪಾಗುವುದಿಲ್ಲ.

ಹಾಡಿಯ ಒಬ್ಬ ಹುಡುಗಿ ನಮ್ಮಲ್ಲಿಗೆ ಬಂದಿದ್ದಳು. ಜಾತಿ ಪ್ರಮಾಣಪತ್ರದ ಮೇಲಿನ ಆರ್‌ಡಿ ನಂಬರ್ (ಕಂದಾಯ ಇಲಾಖೆ ಕೊಡುವ ಸಂಖ್ಯೆ) ಹಾಕಿದರೆ ಹೆಸರು ಹೊಂದುತ್ತಿಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಇನಿಶಿಯಲ್, ಇದರಲ್ಲಿ ಇನ್ನೊಂದು. ಅವರಪ್ಪ ಕೂಲಿ ಬಿಟ್ಟು ನಾಡಕಚೇರಿಗೆ ಅಲೆದರು. ಹೇಗೋ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿತು. ಕ್ರಿಸ್‌ಮಸ್ ಹೊತ್ತಿಗೆ ಲ್ಯಾಬ್ ರೆಕಾರ್ಡ್ ಪ್ರಿಂಟ್ ತೆಗೆಸೋಕೆ ಬಂದಳು. ಅದರಲ್ಲಿದ್ದ ಸಿ ಭಾಷೆಯ ಪ್ರೋಗ್ರಾಮ್ ತೋರಿಸಿ, ಈ ಲೂಪ್ ಎಷ್ಟು ಸಲ ತಿರುಗುತ್ತಮ್ಮಾ ಅಂತ ಸುಮ್ನೆ ಕೇಳಿದೆ. ಬೆರಳು ಮಡಚಿ ಎಣಿಸಿ ಸರಿಯಾಗಿ ಹೇಳಿದಳು, ಎಲ್ಲಿ ನಿಲ್ಲುತ್ತೆ, ಯಾಕೆ ನಿಲ್ಲುತ್ತೆ ಅನ್ನೋದನ್ನೂ. "ವೈವಾದಲ್ಲಿ ಇಂಗ್ಲಿಷಲ್ಲೇ ಹೇಳು ಅಂದ್ರು ಅಣ್ಣ, ಬಾಯೇ ಬರಲಿಲ್ಲ" ಅಂದಳು. ವೈವಾ ಅಂದ್ರೆ ಮೌಖಿಕ ಪರೀಕ್ಷೆ. ಲ್ಯಾಬಿನಲ್ಲಿ ಇಬ್ಬರಿಗೆ ಒಂದು ಕಂಪ್ಯೂಟರ್, ಕೀಬೋರ್ಡ್ ಯಾವಾಗಲೂ ಪಕ್ಕದವನ ಕೈಯಲ್ಲೇ ಅಂತೆ. ಎರಡನೇ ಸೆಮಿಸ್ಟರಿಗೆ ಅವಳು ಹೋಗಲಿಲ್ಲ. ನಿಮ್ಮ ಇಲಾಖೆಯ ಲೆಕ್ಕದಲ್ಲಿ ಮಾತ್ರ ಆ ಸೀಟು ಭರ್ತಿ ಆಗಿದೆ ಅಲ್ವಾ?

ಹಾಗಾಗಿ ನಾನು ಕೇಳುವುದು ಇಷ್ಟೇ. ಎಷ್ಟು ಜನ ಸೇರಿದರು ಅನ್ನುವುದರ ಜೊತೆಗೆ, ಎರಡನೇ ವರ್ಷಕ್ಕೆ ಎಷ್ಟು ಜನ ಉಳಿದರು ಅಂತಲೂ ಪ್ರತಿ ಕಾಲೇಜಿನಿಂದ ಲೆಕ್ಕ ತರಿಸಿಕೊಳ್ಳಿ. ಪರಿಶಿಷ್ಟರು, ಹುಡುಗಿಯರು, ಅಂಗವಿಕಲರು, ಎಲ್ಲರದ್ದೂ ಬೇರೆ ಬೇರೆಯಾಗಿ. ಅದನ್ನು ಜನರ ಮುಂದೆ ಇಡಿ.

ಮೊದಲ ವರ್ಷ ಪಾಠ ಇಂಗ್ಲಿಷಿನಲ್ಲೇ ಇರಲಿ, ವಿವರಣೆ ಮತ್ತು ವೈವಾ ಕನ್ನಡದಲ್ಲೂ ನಡೆಯಲಿ. ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುನಲ್ಲಿ ಕನ್ನಡ ಒಂದು ವಿಷಯವಾಗಿ ಇದೆ, ಒಳ್ಳೆಯದೇ. ಆದರೆ ಅದರಿಂದ ಸಿ ಭಾಷೆಯ ಪಾಯಿಂಟರ್‌ನಂಥ ಕಷ್ಟದ ಪಾಠ ಅರ್ಥ ಆಗುವುದಿಲ್ಲ. ಎಐಸಿಟಿಇಯ ಇ-ಕುಂಭ್ ಪೋರ್ಟಲ್‌ನಲ್ಲಿ ಕನ್ನಡದ ತಾಂತ್ರಿಕ ಪುಸ್ತಕಗಳೇ ಇವೆ, ಅವನ್ನು ಮುದ್ರಿಸಿ ಲೈಬ್ರರಿಗೆ ಕೊಡಿ. ಯರವರ ಮಕ್ಕಳಿಗೆ ಕನ್ನಡವೂ ಮನೆಮಾತಲ್ಲ, ನಿಜ. ಆದರೂ ಇಂಗ್ಲಿಷಿಗಿಂತ ಹತ್ತಿರ. ತರಗತಿ ಶುರುವಾಗುವ ಮುಂಚೆ ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲೇ ಒಂದು ತಿಂಗಳ ತಯಾರಿ ತರಗತಿ ನಡೆಸಬಹುದು. ಊಟ, ಹಾಸ್ಟೆಲ್ ಸಮೇತ, ಒಬ್ಬರಿಗೆ ಒಂದು ಕಂಪ್ಯೂಟರ್.

ಹಾಸ್ಟೆಲ್ ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾಗರಹೊಳೆ ಅಂಚಿನ ಹಾಡಿಗಳಿಗೆ ಕತ್ತಲಾದ ಮೇಲೆ ಹೋಗುವಂತಿಲ್ಲ, ದಾರಿಯಲ್ಲಿ ಆನೆ. ಸಂಜೆ ಲ್ಯಾಬ್ ಇದ್ದ ದಿನ ಹುಡುಗಿ ಮನೆ ಸೇರುವುದು ಹೇಗೆ?

ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಿದ್ದು 2016ರಲ್ಲಿ. ಸರ್ಕಾರಿ, ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು ಅವರಿಗೆ. ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಪೂರ್ತಿ ಉಚಿತ. ಎಲ್ಲ ಲ್ಯಾಬಿನಲ್ಲೂ ಹಾಕಿಸೋಕೆ ಒಂದು ಸುತ್ತೋಲೆ ಸಾಕು.

ಇನ್ನೊಂದು ಮಾತು. ಕೊಡಗು ವಿಶ್ವವಿದ್ಯಾಲಯವನ್ನು ಮುಚ್ಚುವ ಮಾತು 2025ರಲ್ಲಿ ಸಂಪುಟ ಉಪಸಮಿತಿಯಿಂದಲೇ ಬಂತು. ದುಡ್ಡಿನ ಕಷ್ಟ ಇರಬಹುದು. ಆದರೆ ಆ ವಿಶ್ವವಿದ್ಯಾಲಯ ಇರುವ ಚಿಕ್ಕ ಅಳುವಾರಕ್ಕೆ ಮಗಳನ್ನು ಕಳಿಸುವ ಅಪ್ಪ ಮಂಗಳೂರಿಗೂ ಕಳಿಸುತ್ತಾನೆ ಅಂದುಕೊಳ್ಳಬೇಡಿ.

ಮುಂದಿನ ಸಿಇಟಿ ಕೌನ್ಸೆಲಿಂಗಿಗೆ ಮುಂಚೆ ಇಬ್ಬರು ಸಿಬ್ಬಂದಿಯನ್ನು ಲ್ಯಾಪ್‌ಟಾಪ್ ಕೊಟ್ಟು ಹಾಡಿಗಳಿಗೆ ಕಳಿಸಿ. ಆರ್‌ಡಿ ನಂಬರ್ ತಪ್ಪಿದ್ದರೆ ಅಲ್ಲೇ ಸರಿಯಾಗಲಿ, ಆಪ್ಷನ್ ಎಂಟ್ರಿಯೂ ಅಲ್ಲೇ ಆಗಲಿ. ನನ್ನ ವ್ಯಾಪಾರ ಸ್ವಲ್ಪ ಕಮ್ಮಿ ಆಗುತ್ತೆ, ಪರವಾಗಿಲ್ಲ.

ಇಂತಿ,
ಗೋಣಿಕೊಪ್ಪದ ಸೈಬರ್ ಸೆಂಟರ್‌ನವನು