ಯಾವ ಬಾಗಿಲಲ್ಲಿ ಹತ್ತೋದು?

ಪ್ರಿಯರೇ,

ನಿಮ್ಮ ಕತೆ ಓದಿದೆ. ಹೆಸರಿನ ಜಾಗದಲ್ಲಿ ಬರೀ ಇನಿಷಿಯಲ್ ಹಾಕಿದ್ದೀರಿ. ನೀವು ಹೆಣ್ಣೋ ಗಂಡೋ, ಆ ಎರಡರ ಲೆಕ್ಕಕ್ಕೆ ಸಿಗದವರೋ ನನಗೆ ಗೊತ್ತಾಗಲಿಲ್ಲ. ಈ ಪತ್ರ ಬರೆಯೋದಕ್ಕೆ ಅದು ಬೇಕಾಗಲೂ ಇಲ್ಲ. ‘ನೀವು’ ಅಂದರೆ ಸಾಕು, ಕನ್ನಡದಲ್ಲಿ ಕೆಲಸ ನಡೆಯುತ್ತದೆ.

ನಿಮ್ಮ ಪಾತ್ರ ನನಗೆ ಹಿಡಿಸಿತು. ಬೆಂಗಳೂರಿನಲ್ಲಿ ಪಿಜಿ ವಾಸ, ಆಡಿಟರ್ ಆಫೀಸಿನಲ್ಲಿ ಕೆಲಸ. ಕೆಲವು ದಿನ ‘ಗಂಡು’ ಅನ್ನುವ ಮಾತು ಮೈಗೆ ಹೊಂದುತ್ತದೆ, ಕೆಲವು ದಿನ ಹೊಂದುವುದೇ ಇಲ್ಲ. ವೋಚರು, ಬಿಲ್ಲು, ಜಿಎಸ್‌ಟಿ ರಿಟರ್ನ್ ನಡುವೆ ಕಾಡಿಗೆ ಹಚ್ಚಿದ ಕಣ್ಣು. ಅಲ್ಲೆಲ್ಲ ಕತೆ ಗಟ್ಟಿಯಾಗಿದೆ. ಫಿಲಾಸಫಿ ಶುರುವಾದ ಕೂಡಲೇ ಸಡಿಲವಾಗುತ್ತದೆ. ಕ್ವಿಯರ್ ಚಿಂತನೆಯನ್ನು, ಅಂದರೆ ಹೆಣ್ಣು ಗಂಡು ಅನ್ನುವ ಕಟ್ಟುಗಳನ್ನೇ ಪ್ರಶ್ನಿಸುವ ಚಿಂತನೆಯನ್ನು, ದಿನದ ಬದುಕಿಗೆ ತರೋದು ಹೇಗೆ ಅಂತ ಕೇಳಿದ್ದೀರಿ. ನನ್ನ ಉತ್ತರ ಬೇಗ ಹೇಳಿಬಿಡುತ್ತೇನೆ. ಅದು ದಿನದ ಬದುಕಿನಲ್ಲಿ ಆಗಲೇ ಇದೆ. ಯಾರು ಹೆಣ್ಣು, ಯಾರು ಗಂಡು ಅಂತ ಜನ ಎಲ್ಲೆಲ್ಲಿ ತಪಾಸಣೆ ಮಾಡುತ್ತಾರೋ ಅಲ್ಲಿ ಹೋಗಿ ನಿಂತು ನೋಡಿ.

ಮೊದಲು ತೆಗೆಯಬೇಕಾದದ್ದನ್ನು ಹೇಳುತ್ತೇನೆ. ಕತೆಯ ತಲೆಯ ಮೇಲಿರುವ ಜೇಡರ ದಾಸಿಮಯ್ಯನ ವಚನ. ನಡುವೆ ಸುಳಿಯುವ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಅನ್ನುವ ವಚನ. ದೊಡ್ಡ ಮಾತು, ಅನುಮಾನವೇ ಇಲ್ಲ. ಈ ವಿಷಯದ ಬಗ್ಗೆ ಯಾರು ಮೈಕ್ ಹಿಡಿದರೂ ಈಗ ಅದೇ ವಚನ. ಅದು ಸವೆದಿದೆ ಅನ್ನೋದು ಒಂದು ಕಾರಣ ಅಷ್ಟೇ. ಅವನು ಹೇಳಿದ್ದು ಆತ್ಮದ ಮಾತು. ನಿಮ್ಮ ಪಾತ್ರದ ತಕರಾರು ಆತ್ಮದ ಜೊತೆ ಇಲ್ಲವೇ ಇಲ್ಲ. ಅದು ಇರೋದು ಮೈ ಜೊತೆ, ಬಟ್ಟೆ ಜೊತೆ, ಬಾಗಿಲಿಗೆ ‘ಜೆಂಟ್ಸ್ ಪಿಜಿ’ ಅಂತ ಬೋರ್ಡ್ ಹಾಕಿದ ಓನರ್ ಜೊತೆ. ಬಾಡಿಗೆ ಕರಾರಿನಲ್ಲಿ ಆತ್ಮಕ್ಕೆ ಕಾಲಂ ಇರೋದಿಲ್ಲ.

ಎರಡನೆಯದು, ಆ ಡಾಕ್ಟರು. ಕತೆಯ ನಡುವೆ ಬಂದು ಪಾತ್ರಕ್ಕೆ ಏನಾಗಿದೆ ಅಂತ ಎರಡು ಪುಟ ವಿವರಿಸುತ್ತಾರೆ. ಓದುಗರಿಗೆ ಅರ್ಥವಾಗಲಿ ಅಂತ ಸೇರಿಸಿದ್ದೀರಿ, ಅಲ್ವಾ? ಆದರೆ ಓದುಗರ ಒಳಗಿನ ‘ನಿಜವಾಗ್ಲೂ ಇದು ಏನು, ಅವನಾ ಅವಳಾ?’ ಅನ್ನುವ ಕುತೂಹಲಕ್ಕೆ ನೀವು ಅಲ್ಲಿ ಶರಣಾಗಿದ್ದೀರಿ. 2014ರ ಏಪ್ರಿಲ್ 15ರಂದು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತನ್ನ ಲಿಂಗತ್ವ ಯಾವುದು ಅಂತ ಹೇಳುವ ಹಕ್ಕು ಆ ವ್ಯಕ್ತಿಯದೇ, ಅದಕ್ಕೆ ಆಪರೇಷನ್ ಆಗಿರಬೇಕು ಅಂತ ಕೇಳೋ ಹಾಗಿಲ್ಲ ಅಂದಿತು. ಕೋರ್ಟೇ ಆಪರೇಷನ್ ಕೇಳೋ ಹಾಗಿಲ್ಲ ಅಂದ ಮೇಲೆ ನಿಮ್ಮ ಕತೆ ಯಾಕೆ ಡಾಕ್ಟರ ಸರ್ಟಿಫಿಕೇಟ್ ಕೇಳಬೇಕು?

ಇನ್ನು ಬಟ್ಲರ್. ಅಮೆರಿಕದ ತತ್ವಚಿಂತಕರಾದ ಜೂಡಿತ್ ಬಟ್ಲರ್ 1990ರಲ್ಲಿ ‘ಜೆಂಡರ್ ಟ್ರಬಲ್’ ಬರೆದಾಗ ಹೇಳಿದ್ದು ಸ್ಥೂಲವಾಗಿ ಇಷ್ಟು: ಗಂಡುತನ, ಹೆಣ್ತನ ಅನ್ನೋದು ಒಳಗೆ ಮೊದಲೇ ತಯಾರಾಗಿದ್ದು ಆಮೇಲೆ ಹೊರಗೆ ಬರುವುದಿಲ್ಲ, ಕೂರೋದು, ನಡೆಯೋದು, ಮಾತಾಡೋದು ಇವನ್ನೆಲ್ಲ ದಿನಾ ಮಾಡಿ ಮಾಡಿ ಅದು ಇದೆ ಅನ್ನಿಸುತ್ತದೆ. ಇದನ್ನು ನಿಮ್ಮ ಪಾತ್ರ ಮೂರು ಕಡೆ ಬಾಯಿಬಿಟ್ಟು ಹೇಳುತ್ತದೆ. ಯಾಕೆ ಹೇಳಬೇಕು? ಕಣ್ಣಿಗೆ ಕಾಣುವ ಸಂಗತಿ ಅದು. ಯಾವುದಾದರೂ ಯಕ್ಷಗಾನ ಮೇಳದ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ನಡುರಾತ್ರಿ ಹೋಗಿ. ಸ್ತ್ರೀವೇಷದವರು ರಂಗದಿಂದ ಒಳಗೆ ಬರುತ್ತಾರೆ. ಹೊಸಿಲು ದಾಟುವವರೆಗೆ ನಡಿಗೆ ದ್ರೌಪದಿಯದೇ. ಒಳಗೆ ಬಂದು ಪೆಟ್ಟಿಗೆ ಮೇಲೆ ಕಾಲು ಅಗಲಿಸಿ ಕೂತು, ಸೆರಗನ್ನು ಹೆಗಲಿಗೆ ಎತ್ತಿ ಹಾಕಿ, ಬಳೆ ತೊಟ್ಟ ಕೈಯಲ್ಲೇ ಬೀಡಿ ಹಚ್ಚುತ್ತಾರೆ. ಭಾಗವತರ ಪದ ಕೇಳಿಸಿದ ಕೂಡಲೇ ಬೀಡಿ ಆರಿಸಿ, ಮೊಣಕಾಲು ಸೇರಿಸಿ, ಕತ್ತು ಒಂದಿಷ್ಟು ವಾಲಿಸಿ ಎದ್ದು ನಿಲ್ಲುತ್ತಾರೆ. ಅದು ವರ್ಷಗಟ್ಟಲೆ ಕಲಿತ ವಿದ್ಯೆ. ಹೊರಗೆ ಚಾಪೆ ಮೇಲೆ ಕೂತ ಹುಡುಗಿಯೊಬ್ಬಳಿಗೆ ಅವಳಮ್ಮ ‘ಕಾಲು ಮಡಚಿ ಕೂರೇ’ ಅಂತ ಗದರುತ್ತಾಳೆ. ಅವಳೂ ಅದೇ ವಿದ್ಯೆ ಕಲಿಯುತ್ತಿದ್ದಾಳೆ. ಅವಳಿಗೆ ಮಾತ್ರ ಬೆಳಗಾದ ಮೇಲೆ ಕಳಚಿಡೋದಕ್ಕೆ ಚೌಕಿ ಇಲ್ಲ.

ಈ ವ್ಯತ್ಯಾಸ ಬಹಳ ಮುಖ್ಯ. ನಿಮ್ಮ ಪಾತ್ರ ಕಪಾಟಿನ ಮುಂದೆ ನಿಂತು ‘ಇವತ್ತು ಯಾವ ಜೆಂಡರ್ ಹಾಕ್ಕೊಳ್ಳಲಿ’ ಅಂತ ಯೋಚಿಸುತ್ತದಲ್ಲ, ಅಲ್ಲಿ ನೀವು ಸುಮ್ನೆ ಜಾರಿದ್ದೀರಿ. ಇದು ಬಟ್ಲರ್ ಅವರಿಗೇ ತಲೆನೋವಾಗಿತ್ತು. ಎಷ್ಟೋ ಜನ ಹಾಗೇ ಅರ್ಥ ಮಾಡಿಕೊಂಡರು, ಬೆಳಗ್ಗೆ ಕಪಾಟಿನಿಂದ ಒಂದನ್ನು ಆರಿಸಿ ರಾತ್ರಿ ಮಡಚಿಡಬಹುದು ಅಂತ. ನನ್ನ ಮಾತಿನ ಅರ್ಥ ಹಾಗಲ್ಲ ಅಂತ 1993ರ ‘ಬಾಡೀಸ್ ದಟ್ ಮ್ಯಾಟರ್’ನಲ್ಲಿ ಬಿಡಿಸಿ ಹೇಳಬೇಕಾಯಿತು. ಬದಲಾಗುವ ಲಿಂಗತ್ವ ಅಂದರೆ ಹುಕಿ ಬಂದಂತೆ ಬದಲಾಯಿಸುವ ಲಿಂಗತ್ವ ಅಲ್ಲ. ನಿಮ್ಮ ಪಾತ್ರಕ್ಕೆ ಕೆಲವು ಬೆಳಗ್ಗೆ ಶರಟು ಉಸಿರುಗಟ್ಟಿಸುತ್ತದೆ. ಅದು ಆಯ್ಕೆ ಅಲ್ಲ. ಅದನ್ನೇ ಬರೆಯಿರಿ.

ಇನ್ನೊಂದು ಗಮನಿಸಿದೆ. ಕುರ್ತಾ, ಕಾಡಿಗೆಯ ದಿನಗಳ ವರ್ಣನೆ ಜಾಸ್ತಿ ಇದೆ. ಶರಟಿನ ದಿನಗಳ ವರ್ಣನೆ ಒಂದು ಸಾಲೂ ಇಲ್ಲ. ಅಂದರೆ ಗಂಡಾಗಿರೋದು ಏನೂ ಮಾಡದೆ ಸಿಗುವ ಸ್ಥಿತಿ, ಹೆಣ್ಣಾಗೋದಕ್ಕೆ ಮಾತ್ರ ಅಲಂಕಾರ ಬೇಕು ಅಂತ ನಿಮಗೇ ಗೊತ್ತಿಲ್ಲದೆ ಒಪ್ಪಿಕೊಂಡ ಹಾಗಾಯಿತು. ಮೈಸೂರಿನ ಆರ್. ನಾಗರತ್ನಮ್ಮ 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ ಹೆಂಗಸರಿಂದಲೇ ಪೌರಾಣಿಕ ನಾಟಕ ಆಡಿಸಿದರು. ಕಂಸ, ಭೀಮನಂಥ ಪಾತ್ರಗಳಲ್ಲಿ ಅವರದು ದೊಡ್ಡ ಹೆಸರು. ಕಂಸನ ನಡಿಗೆಯನ್ನೂ ಕಲಿಯಬೇಕು. ನಿಮ್ಮ ಆಫೀಸಿನ ಗಂಡಸರು ಕೂಡ ಎಲ್ಲೋ ಕಲಿತು ಬಂದಿದ್ದಾರೆ. ಎಷ್ಟು ಗಟ್ಟಿಯಾಗಿ ನಗಬೇಕು, ಟೀ ಅಂಗಡಿಯಲ್ಲಿ ಹೇಗೆ ನಿಲ್ಲಬೇಕು, ಅಳು ಬಂದರೆ ಬೈಕ್ ಎತ್ತಿಕೊಂಡು ಎಲ್ಲಿಗೆ ಹೋಗಬೇಕು. ನಿಮ್ಮ ಪಾತ್ರ ಶರಟು ಹಾಕಿದ ದಿನ ಅದನ್ನೆಲ್ಲ ಮಾಡುತ್ತದಲ್ಲವೇ? ಅದೂ ಬೇಕು.

ಈಗ ಬಸ್ಸು. ನೀವು ‘ಬಸ್ಸಿನಲ್ಲಿ ಆಫೀಸಿಗೆ ಹೋಗಿ’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ ಕಡೆ ನನಗೆ ಇಡೀ ಕತೆ ಕಾಣಿಸಿತು. ಬಿಎಂಟಿಸಿ ಬಸ್ಸು ಬಂದು ನಿಂತಿದೆ. ಹೆಂಗಸರು ಮುಂದಿನ ಬಾಗಿಲಿಗೆ, ಗಂಡಸರು ಹಿಂದಿನ ಬಾಗಿಲಿಗೆ ಓಡುತ್ತಾರೆ. ನಿಮ್ಮ ಪಾತ್ರ ಯಾವ ಬಾಗಿಲಿಗೆ ಓಡುತ್ತದೆ? ಯೋಚಿಸಲು ಸಮಯ ಇಲ್ಲ, ಡ್ರೈವರ್ ಗೇರ್ ಹಾಕಿ ಆಗಿದೆ. ಹತ್ತಿದ ಮೇಲೆ ಟಿಕೆಟ್ಟಿನ ಪಂಚಾಯ್ತಿ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ದುಡ್ಡಿಲ್ಲ. ಗುರುತಿನ ಚೀಟಿ ತೋರಿಸಿದರೆ ಶೂನ್ಯ ಟಿಕೆಟ್. ನಿಮ್ಮ ಪಾತ್ರದ ಆಧಾರ್ ಕಾರ್ಡಿನಲ್ಲಿ ‘ಪುರುಷ’ ಅಂತಿದೆ, ಹಳೇ ಕ್ರಾಪಿನ ಫೋಟೋ ಇದೆ. ಮೈ ಮೇಲೆ ಕುರ್ತಾ. ಕಂಡಕ್ಟರ್ ಮೆಷಿನ್ ಹಿಡಿದು ಮುಖ ನೋಡುತ್ತಾರೆ. ಕಾರ್ಡ್ ಕೇಳದೆ ಶೂನ್ಯ ಟಿಕೆಟ್ ಹರಿದು ಕೊಟ್ಟೇಬಿಡುತ್ತಾರೆ ಅಂದುಕೊಳ್ಳಿ. ಪಾತ್ರಕ್ಕೆ ಆಗ ಖುಷಿಯಾಗುತ್ತದಾ, ಚೆಕಿಂಗ್‌ನವರು ಹತ್ತಿದರೆ ಅಂತ ಎದೆ ಹೊಡೆದುಕೊಳ್ಳುತ್ತದಾ? ಎರಡೂ ಒಟ್ಟಿಗೇ ಆಗಬಹುದು. ಸುಮ್ಮನೆ ದುಡ್ಡು ಕೊಟ್ಟು ‘ಒಂದು ಕಾರ್ಪೊರೇಷನ್’ ಅಂತ ಟಿಕೆಟ್ ತಗೊಂಡರೆ ಜಗಳವಿಲ್ಲ, ಆದರೆ ಆ ದುಡ್ಡು ಯಾವುದರ ಬೆಲೆ? ಈ ಪ್ರಶ್ನೆಯನ್ನು ಪಾತ್ರದ ಬಾಯಲ್ಲಿ ಮಾತ್ರ ಹೇಳಿಸಬೇಡಿ. ದುಡ್ಡು ಎಣಿಸಲಿ, ಸಾಕು.

ಕ್ರಿಯಾಪದದ ಕಷ್ಟ ಬರೆದಿದ್ದೀರಿ. ಬೆಳಗ್ಗೆ ‘ಬಂದನು’, ಸಂಜೆ ‘ಬಂದಳು’ ಅಂತ ಬಟ್ಟೆಗೆ ತಕ್ಕ ಹಾಗೆ ಬದಲಾಯಿಸಿದ್ದೀರಿ. ಅದು ಬೇಡ. ಬಟ್ಟೆಯೇ ತೀರ್ಮಾನ ಮಾಡಿದ ಹಾಗಾಗುತ್ತದೆ. ಪಾತ್ರವೇ ‘ನಾನು’ ಅಂತ ಕತೆ ಹೇಳಲಿ. ಹಿಂದಿಯವರಿಗೆ ಈ ಅನುಕೂಲ ಇಲ್ಲ, ಅವರು ‘ನಾನು ಹೋಗ್ತೀನಿ’ ಅಂದರೂ ಗಂಡೋ ಹೆಣ್ಣೋ ಹೇಳಲೇಬೇಕು. ನಾವು ‘ಬಂದೆ, ಹೋದೆ, ಅತ್ತೆ’ ಅಂತ ಇಡೀ ಕಾದಂಬರಿ ಬರೆಯಬಹುದು. ‘ಅವರು’ ಕೂಡ ಇದೆ. ಬಟ್ಲರ್ ತಮ್ಮನ್ನು ಹೆಣ್ಣು ಗಂಡಿನ ಲೆಕ್ಕದಲ್ಲಿ ಇಟ್ಟುಕೊಳ್ಳುವುದಿಲ್ಲ. ಮೇಲೆ ನಾನು ‘ಅವರಿಗೇ’ ಅಂತ ಬರೆದಾಗ ನಿಮಗೆ ಏನೂ ವಿಚಿತ್ರ ಅನ್ನಿಸಲಿಲ್ಲ.

ಆದರೆ ಕನ್ನಡವನ್ನು ಪೂರ್ತಿ ನಂಬಬೇಡಿ. ಕ್ರಿಯಾಪದ ಬಿಟ್ಟುಕೊಟ್ಟದ್ದನ್ನು ಕರೆಯುವ ಮಾತು ಹಿಡಿದುಬಿಡುತ್ತದೆ. ಕಣೋ, ಕಣೇ. ಬಾರೋ, ಬಾರೇ. ಹೂವಿನವಳು ತಲೆ ತಗ್ಗಿಸಿಕೊಂಡೇ ‘ಎಷ್ಟು ಮೊಳ ಅಕ್ಕಾ’ ಅಂತಾಳೆ, ತಲೆ ಎತ್ತಿ ನೋಡಿ ‘ಅಣ್ಣಾ’ ಅಂತ ತಿದ್ದಿಕೊಳ್ಳುತ್ತಾಳೆ, ಮತ್ತೆ ಅನುಮಾನ ಬಂದು ಯಾವುದೂ ಬೇಡ ಅಂತ ಮೊಳ ಹಾಕುತ್ತಾಳೆ. ನಿಮ್ಮ ಕತೆಯ ಸಂಭಾಷಣೆಯಲ್ಲಿ ಇಂಥದ್ದು ಎಲ್ಲೂ ಇಲ್ಲ. ಮನೆಯ ಒಳಗಂತೂ ಇದು ಇನ್ನೂ ಸೂಕ್ಷ್ಮ. ಮಗಳನ್ನು ಮುದ್ದಿನಿಂದ ‘ಏನೋ ಮರಿ’, ‘ಬಾರೋ ರಾಜ’ ಅನ್ನೋದು ನಮ್ಮ ಎಷ್ಟೋ ಮನೆಗಳಲ್ಲಿ ಇದೆ. ಯಾರೂ ಕಣ್ಣರಳಿಸೋದಿಲ್ಲ. ‘ಗಂಡು ಹುಡುಗನ ಹಾಗೆ ಬೆಳೆಸಿದ್ದೀವಿ’ ಅಂತ ಹೆಮ್ಮೆಯಿಂದ ಹೇಳುವ ಅಪ್ಪಂದಿರಿದ್ದಾರೆ. ಮಗನನ್ನು ‘ಬಾರೇ’ ಅಂತ ನಾಲ್ಕು ಜನರ ಮುಂದೆ ಕರೆಯಲಿ ನೋಡೋಣ. ಅದು ತಕ್ಷಣ ಬೈಗುಳ. ಹೆಣ್ಣಿಂದ ಗಂಡಿನ ಕಡೆ ಹೋದರೆ ಬಡ್ತಿ, ಗಂಡಿಂದ ಹೆಣ್ಣಿನ ಕಡೆ ಬಂದರೆ ಅವಮಾನ. ಯಾವ ಸಿದ್ಧಾಂತದ ಪುಸ್ತಕವೂ ಇದನ್ನು ಇಷ್ಟು ಚೆನ್ನಾಗಿ ತೋರಿಸಲಾರದು. ನಿಮ್ಮ ಪಾತ್ರದ ಅಜ್ಜಿ ಒಮ್ಮೆ, ಒಂದೇ ಒಂದು ಸಲ, ಗೊತ್ತಿದ್ದೋ ಗೊತ್ತಿಲ್ಲದೆಯೋ ‘ಉಂಡ್ಯೇನೇ’ ಅಂದರೆ ಏನಾಗಬಹುದು?

ಊರಿನ ಗೌರಿ ಹಬ್ಬದ ದೃಶ್ಯ ಚೆನ್ನಾಗಿದೆ. ಆದರೆ ಬೇಗ ದಾಟಿದ್ದೀರಿ. ಅರಿಶಿನ ಕುಂಕುಮದ ತಟ್ಟೆ ನಡುಮನೆಯಲ್ಲಿ ಸುತ್ತುತ್ತಿದೆ. ನಿಮ್ಮ ಪಾತ್ರ ಅಡುಗೆಮನೆ ಬಾಗಿಲಲ್ಲಿ ನಿಂತಿದೆ, ತಟ್ಟೆ ತನ್ನ ಕಡೆ ಬರೋದಿಲ್ಲ ಅಂತ ಗೊತ್ತು. ಪಕ್ಕದಲ್ಲೇ ಗಂಡ ತೀರಿಕೊಂಡ ಚಿಕ್ಕಮ್ಮ ಒಬ್ಬಟ್ಟು ಬೇಯಿಸುತ್ತಿದ್ದಾರೆ ಅಂತ ನೀವೇ ಬರೆದಿದ್ದೀರಿ. ಅವರ ಹತ್ತಿರವೂ ತಟ್ಟೆ ಬರೋದಿಲ್ಲ! ಹುಟ್ಟಿದಾಗಿನಿಂದ ಹೆಣ್ಣು, ಮೂರು ಹೆತ್ತವರು, ಆದರೂ ಈ ತಟ್ಟೆಯ ಲೆಕ್ಕದಲ್ಲಿ ಅವರು ಪೂರ್ತಿ ಹೆಣ್ಣಲ್ಲ. ಕ್ವಿಯರ್ ಚಿಂತನೆ ಬರೀ ಕ್ವಿಯರ್ ಜನರ ಬಗ್ಗೆ ಅಂತ ತಿಳಿದರೆ ಚಿಕ್ಕಮ್ಮ ಕಾಣಿಸೋದೇ ಇಲ್ಲ. ಅವರಿಬ್ಬರ ನಡುವೆ ಒಂದು ಮಾತು ನಡೆಯಲಿ. ಒಬ್ಬಟ್ಟಿನ ಬಗ್ಗೆಯೇ ನಡೆಯಲಿ.

ಜೋಗತಿಯರನ್ನು ಕತೆಗೆ ತರಬೇಕು ಅಂತ ಯೋಚಿಸುತ್ತಿದ್ದೇನೆ ಅಂದಿದ್ದೀರಿ. ಎಲ್ಲಮ್ಮನಿಗೆ ಮುಡಿಪಾದವರು ಅವರು, ಗಂಡಾಗಿ ಹುಟ್ಟಿ ಹೆಣ್ಣಾದವರೂ ಅವರಲ್ಲಿದ್ದಾರೆ. ತರಬೇಡಿ, ಈ ಕತೆಗೆ ಬೇಡ. ಮಂಜಮ್ಮ ಜೋಗತಿ 2019ರಲ್ಲಿ ಜಾನಪದ ಅಕಾಡೆಮಿ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು, ನಿಜ. ಆ ಬದುಕಿನಲ್ಲಿ ಎಲ್ಲಮ್ಮನ ಹರಕೆ ಇದೆ, ಚೌಡಿಕೆ ಇದೆ, ಹಸಿವಿದೆ. ತಿಂಗಳ ಸಂಬಳ ಎಣಿಸುವ ನಿಮ್ಮ ಪಾತ್ರಕ್ಕೆ ‘ನಮ್ಮ ಪರಂಪರೆಯಲ್ಲೂ ಇದೆ’ ಅನ್ನುವ ಸಮಾಧಾನ ಒದಗಿಸೋದು ಅವರ ಕೆಲಸ ಅಲ್ಲ.

ಕೊನೆಗೆ, ಬರವಣಿಗೆಯ ಹೊರಗಿನ ಒಂದು ಮಾತು. ಈ ಪಾತ್ರ ನಿಮ್ಮ ರೂಮ್‌ಮೇಟ್ ಅಂತ ಪತ್ರದಲ್ಲಿ ಹೇಳಿದ್ದೀರಿ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧವನ್ನು, ಅದನ್ನು ಅಪರಾಧ ಅನ್ನುತ್ತಿದ್ದ ದಂಡ ಸಂಹಿತೆಯ 377ನೇ ಸೆಕ್ಷನ್ನಿನಿಂದ ಹೊರಗಿಟ್ಟಿತು. ಬಾಡಿಗೆ ಕೊಡುವವರ, ಕೆಲಸ ಕೊಡುವವರ, ಅಪ್ಪ ಅಮ್ಮಂದಿರ ವಿಷಯ ಬೇರೆ. ಈವ್ ಸೆಡ್ಜ್‌ವಿಕ್ ಅನ್ನುವ ಚಿಂತಕಿ 1990ರಲ್ಲೇ ಬರೆದರು, ಒಂದು ಸಲ ಹೇಳಿಕೊಂಡರೆ ಮುಗಿಯುವುದಿಲ್ಲ, ಹೊಸ ಓನರ್, ಹೊಸ ಬಾಸ್, ಹೊಸ ಡಾಕ್ಟರ್ ಎದುರಾದಾಗೆಲ್ಲ ಹೇಳಬೇಕೋ ಬೇಡವೋ ಅನ್ನುವ ಲೆಕ್ಕ ಮತ್ತೆ ಶುರು ಅಂತ. ಆ ಲೆಕ್ಕ ಹಾಕುವ ಹಕ್ಕು ನಿಮ್ಮ ರೂಮ್‌ಮೇಟ್‌ದು. ನಿಮ್ಮ ಕತೆ ಅದನ್ನು ಕಿತ್ತುಕೊಳ್ಳಬಾರದು. ಊರಿನ ಹೆಸರು ಬದಲಾಯಿಸಿದರೆ ಸಾಲದು, ಆಫೀಸು, ಊಟ, ಮಾತಿನ ಧಾಟಿ ಎಲ್ಲ ಬದಲಾಗಬೇಕು. ತಿದ್ದಿದ ಪ್ರತಿಯನ್ನು ಮೊದಲು ಅವರಿಗೆ ಓದಲು ಕೊಡಿ. ಬೇಡ ಅಂದರೆ ಪತ್ರಿಕೆಗೆ ಕಳಿಸಬೇಡಿ.

ಒಪ್ಪಿದರೆ ನನಗೆ ಕಳಿಸಿ. ಪಿಡಿಎಫ್ ಆದರೆ ಒಳ್ಳೆಯದು, ಅಕ್ಷರ ಸ್ವಲ್ಪ ದೊಡ್ಡದಿರಲಿ.

ಇಂತಿ,
ನಿಮ್ಮ ಹಿರಿಯ ಓದುಗ