ಮಗಳಿಗೊಂದು ಪತ್ರ: ಮೂರು ಬಾರಿ ಆರಿಸಿದ ಅಕ್ಕಿ

ಪ್ರೀತಿಯ ಮಗಳೇ,

"ಅಮ್ಮಾ, ಅಲ್ಲಿ ಹಬ್ಬಕ್ಕೆ ಏನು ಅಡುಗೆ?" ಎಂದು ಮೊನ್ನೆ ನೀನು ಫೋನಿನಲ್ಲಿ ಕೇಳಿದಾಗ ಕೈತುಂಬ ಕೆಲಸವಿದ್ದುದರಿಂದ ಒಂದೆರಡು ಮಾತಿನಲ್ಲಿ ಮುಗಿಸಿಬಿಟ್ಟೆ. ಯಹೂದಿಗಳ ಪೆಸಾಖ್ ಹಬ್ಬ ನಿನ್ನೆಗೆ ಮುಗಿಯಿತು. ಈಗ ಕುಳಿತು ಬರೆಯುತ್ತಿದ್ದೇನೆ.

ನಾನು ನೋಡಿಕೊಳ್ಳುವ ಅಜ್ಜಿ ಬಾಗ್ದಾದಿನಲ್ಲಿ ಹುಟ್ಟಿದವರು. 1950-51ರಲ್ಲಿ ಇರಾಕಿನ ಒಂದು ಲಕ್ಷಕ್ಕೂ ಹೆಚ್ಚು ಯಹೂದಿಗಳು ವಿಮಾನ ಹತ್ತಿ ಇಸ್ರೇಲಿಗೆ ಬಂದರಲ್ಲ, ಆಗ ತಾಯಿಯ ಸೆರಗು ಹಿಡಿದು ಬಂದ ಹುಡುಗಿ ಅವರು. ಮನೆ, ಅಂಗಡಿ, ಹಣ ಎಲ್ಲವೂ ಅಲ್ಲಿಯೇ ಉಳಿದವು. ಇಸ್ರೇಲಿನ ರಾಮತ್ ಗನ್ ಊರಿನ ಈ ಪುಟ್ಟ ಅಡುಗೆಮನೆಗೆ ಬಂದದ್ದು ತಾಯಿಯ ಕೈರುಚಿಯೊಂದೇ.

ಪೆಸಾಖ್ ಎಂದರೆ ಯಹೂದಿಗಳ ಪೂರ್ವಜರು ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದುದರ ನೆನಪು. ಹಿಟ್ಟು ಹುದುಗುವಷ್ಟೂ ಪುರಸೊತ್ತಿಲ್ಲದೆ ಹೊರಟವರ ನೆನಪಿಗಾಗಿ, ಗೋಧಿ, ಬಾರ್ಲಿ ಮೊದಲಾದ ಐದು ಧಾನ್ಯಗಳಿಂದಾದ ಹುದುಗಿದ ಯಾವ ಪದಾರ್ಥವೂ ಇಲ್ಲಿ ಏಳು ದಿನ ಮನೆಯಲ್ಲಿರಕೂಡದು. ಮಟ್ಸಾ ಎಂಬ ಚಪ್ಪಟೆ ರೊಟ್ಟಿಗೆ ಹಿಟ್ಟಿನ ಮೇಲೆ ನೀರು ಬಿದ್ದ 18 ನಿಮಿಷಗಳೊಳಗೆ ಅದು ಒಲೆ ಸೇರಬೇಕೆಂಬ ಕಟ್ಟುನಿಟ್ಟು. ಹಬ್ಬದ ಹಿಂದಿನ ರಾತ್ರಿ ಮೇಣದಬತ್ತಿ ಹಿಡಿದು ಮೂಲೆಮೂಲೆಗಳಲ್ಲಿ ರೊಟ್ಟಿಯ ಚೂರು ಹುಡುಕುತ್ತಾರೆ. ಸಿಕ್ಕಿದ್ದನ್ನು ಬೆಳಿಗ್ಗೆ ಸುಡುತ್ತಾರೆ.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಅಕ್ಕಿ. ಪೋಲೆಂಡ್, ರಷ್ಯಾದ ಕಡೆಯ ಅಶ್ಕೆನಾಜಿ ಸಂಪ್ರದಾಯದವರು ಈ ಹಬ್ಬದಲ್ಲಿ ಅಕ್ಕಿಯನ್ನೂ ಮುಟ್ಟುವುದಿಲ್ಲ. ಇರಾಕಿನವರು ಉಣ್ಣುತ್ತಾರೆ, ಆದರೆ ಒಂದು ಗೋಧಿಕಾಳೂ ಬೆರೆತಿರಬಾರದೆಂದು ಮೂರು ಬಾರಿ ಆರಿಸುತ್ತಾರೆ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಹಿಡಿಯಷ್ಟು ಅಕ್ಕಿ ಹರಡಿ, ತೋರುಬೆರಳಿನಿಂದ ಒಂದೊಂದೇ ಕಾಳನ್ನು ಆಚೆಗೆ ತಳ್ಳುತ್ತಾ ಹೋಗಬೇಕು. ಕಾರ್ಕಳದ ಮನೆಯ ಜಗಲಿಯಲ್ಲಿ ಮೊರ ಹಿಡಿದು ಕುಳಿತು ಬೆಳೆದ ನನಗೆ ಇದೇನು ಮಹಾ ಎನಿಸಿತ್ತು. ಮೂರನೆಯ ಸುತ್ತಿನಲ್ಲಿ, ನಾನು ಎರಡು ಸಲ ನೋಡಿ ದಾಟಿಸಿದ್ದ ಅಕ್ಕಿಯಿಂದಲೇ, ಅಜ್ಜಿ ನಡುಗುವ ಬೆರಳಿನಿಂದ ಒಂದು ಕಂದು ಕಾಳನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟರು. ಅದು ಗೋಧಿ. ಅವರು ಏನೂ ಹೇಳಲಿಲ್ಲ. ನಾನು ಉಳಿದದ್ದನ್ನು ಮೊದಲಿನಿಂದ ಆರಿಸಿದೆ.

ಸಿಹಿಗೆ ಸಿಲಾನ್. ಖರ್ಜೂರವನ್ನು ನೀರಿನಲ್ಲಿ ಕುದಿಸಿ, ಬಟ್ಟೆಯಲ್ಲಿ ಹಿಂಡಿ, ಆ ರಸವನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬತ್ತಿಸಿದರೆ ನಮ್ಮ ಜೋನಿಬೆಲ್ಲದಂತೆಯೇ ಎಳೆಎಳೆಯಾಗಿ ಇಳಿಯುತ್ತದೆ. ಮೇಲೆ ಅಕ್ರೋಟಿನ ತರಿ. ಪೂರ್ವಜರು ಇಟ್ಟಿಗೆಗೆ ಕಲಸಿದ ಜೇಡಿಮಣ್ಣಿನ ಗುರುತು ಅದು. ದಾಸ್ಯದ ಕಹಿಯನ್ನು ನೆನಪಿಸುವ ಸೊಪ್ಪನ್ನು ಅದರಲ್ಲಿ ಅದ್ದಿ ತಿನ್ನುತ್ತಾರೆ.

ಎಷ್ಟು ನೀರು, ಎಷ್ಟು ಹೊತ್ತು ಎಂದರೆ ಅಜ್ಜಿಗೆ ಹೇಳಲು ಬರುವುದಿಲ್ಲ. "ಚಮಚ ಹೇಳುತ್ತದೆ" ಎನ್ನುತ್ತಾರೆ. ಈ ಬಾರಿ ಮೊಮ್ಮಗಳು ಪಕ್ಕದಲ್ಲಿ ನಿಂತು, ಅವರು ಬೊಗಸೆಯಲ್ಲಿ ತೆಗೆದುದನ್ನೆಲ್ಲ ಪಾತ್ರೆಗೆ ಬೀಳುವ ಮೊದಲು ತಕ್ಕಡಿಗೆ ಹಾಕಿಸಿ ಬರೆದುಕೊಂಡಳು. ಅದನ್ನು ನೋಡುತ್ತಾ ನನಗೆ ಸಂಕಟವಾಯಿತು. ನಿನ್ನ ಅಜ್ಜಿಯ ಪತ್ರೊಡೆಯನ್ನು ನಲವತ್ತು ವರ್ಷ ತಿಂದ ನಾನು ಹುಳಿಯೆಷ್ಟು, ಬೆಲ್ಲವೆಷ್ಟು ಎಂದು ಒಂದು ದಿನವೂ ಕೇಳಲಿಲ್ಲ. ಇಲ್ಲಿ ಒಂಟಿಯಾಗಿ ಮಾಡಹೊರಟಾಗ ಅದು ಬೇರೆಯೇ ತಿಂಡಿಯಾಯಿತು.

ಆದ್ದರಿಂದ ಈ ಆಟಿ ತಿಂಗಳಲ್ಲಿ ಕೆಸುವಿನ ಎಲೆ ಕೊಯ್ದು ತಂದ ದಿನ ಕಾಲೇಜಿಗೆ ರಜೆ ಹಾಕಿಯಾದರೂ ಅಜ್ಜಿಯ ಪಕ್ಕದಲ್ಲಿ ಕುಳಿತಿರು. ಅವರು ಹುಣಸೆಹುಳಿಯನ್ನು ಉಂಡೆ ಮಾಡಿ ನೀರಿಗೆ ಹಾಕುವ ಮುನ್ನ ಕೈ ತಡೆದು, ತೂಗಿ ಬರೆದಿಡು. ಬೈದರೆ ನನ್ನ ಹೆಸರು ಹೇಳು. ಡಿಸೆಂಬರಿನಲ್ಲಿ ಬರುವಾಗ ನಾನು ಒಂದು ಬಾಟಲಿ ಸಿಲಾನ್ ತರುತ್ತೇನೆ, ನೀರುದೋಸೆಯೊಂದಿಗೆ ತಿನ್ನೋಣ.

ನಿನ್ನ ಅಮ್ಮ